ಕೈ ಕಟ್ಟು, ಬಾಯಿ ಮುಚ್ಚು

ಕನ್ನಡ ನಾಡಿನ ಯಾವ ಪ್ರಾಥಮಿಕ ಶಾಲೆಯ ಜಗಲಿಯಲ್ಲಿ ನಿಂತರೂ ಕಿವಿಗೆ ಬೀಳುವ ಅಪ್ಪಣೆ ಇದು. ಕಾಫಿ ಸೀಮೆಯ ಮೂಡಿಗೆರೆಯಿಂದ ಕೊಟ್ಟಿಗೆಹಾರ, ಬಾಳೂರು, ಕಳಸದ ಕಡೆಗೆ ಹತ್ತಿ ಇಳಿಯುವ ರಸ್ತೆಯಂಚಿನ ಪುಟ್ಟ ಶಾಲೆಗಳಲ್ಲೂ ಇದೇ. ಮಕ್ಕಳಿಗೆ ಕಲಿಸಿದಂತೆಯೇ ಮೇಷ್ಟರಾಗಲು ಹೊರಟವರಿಗೂ ಇದನ್ನೇ ಕಲಿಸಲಾಗುತ್ತದೆ. ಡಿ.ಎಡ್. ಅಥವಾ ಬಿ.ಎಡ್. ಪ್ರಶಿಕ್ಷಣಾರ್ಥಿ ಮೊದಲ ಸಲ ತರಗತಿಗೆ ಹೊರಟಾಗ ಹಿರಿಯರು ಕಿವಿಯಲ್ಲಿ ಹೇಳುವ ಬುದ್ಧಿಮಾತು ಎಲ್ಲೆಡೆ ಒಂದೇ: ಮೊದಲ ವಾರ ನಗಬೇಡಿ, ಸಲುಗೆ ಕೊಡಬೇಡಿ, ಕ್ಲಾಸು ಹಿಡಿತದಲ್ಲಿರಲಿ. ಹಿಂದಿನ ಬೆಂಚಿನಲ್ಲಿ ವೀಕ್ಷಣಾ ನಮೂನೆ ಹಿಡಿದು ಕೂತ ಮೇಲ್ವಿಚಾರಕರು ಅಳೆಯುವುದೂ ಅದನ್ನೇ. ಸೂಜಿ ಬಿದ್ದರೆ ಕೇಳುವಷ್ಟು ಮೌನವಿದ್ದರೆ ‘ತರಗತಿ ನಿರ್ವಹಣೆ ಉತ್ತಮ’. ಮಕ್ಕಳು ಎದ್ದು ಓಡಾಡಿದರೆ, ಒಬ್ಬರಿಗೊಬ್ಬರು ಹೇಳಿಕೊಟ್ಟರೆ, ಮೇಷ್ಟರ ಸುತ್ತ ಮುತ್ತಿಕೊಂಡು ಪ್ರಶ್ನೆ ಕೇಳಿದರೆ ‘ನಿಯಂತ್ರಣ ಸಾಲದು’.

ಈ ಅಳತೆಗೋಲು ತಪ್ಪು. ಸಣ್ಣಪುಟ್ಟ ತಿದ್ದುಪಡಿಯಿಂದ ಸರಿಹೋಗುವ ತಪ್ಪೂ ಅಲ್ಲ, ಬುಡದಿಂದಲೇ ತಪ್ಪು. ಯಾವ ಮಗುವಿಗೆ ಏನು ತಿಳಿದಿಲ್ಲ ಎಂಬುದನ್ನು ಮೌನ ಮುಚ್ಚಿಡುತ್ತದೆ. ಅದರ ಜೊತೆಜೊತೆಗೇ ನಡೆದುಬಂದಿರುವ ಇನ್ನೊಂದು ನಂಬಿಕೆ, ಅಂದರೆ ಬರವಣಿಗೆಯೆಂದರೆ ಅಂದವಾಗಿ ನಕಲು ಮಾಡುವುದು ಎಂಬ ನಂಬಿಕೆ, ಆ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಮಾತಾಡದ ಮಗು, ಹಲಗೆಯ ಮೇಲಿನದ್ದನ್ನು ತಪ್ಪಿಲ್ಲದೆ ಇಳಿಸಿಕೊಂಡ ನೋಟ್ಸು, ಬಣ್ಣದ ಪೆನ್ನಿನಲ್ಲಿ ಗೆರೆ ಹೊಡೆದ ಪಾಠಯೋಜನೆ: ಮೂರನ್ನೂ ಜೋಡಿಸಿಟ್ಟರೆ ಒಂದು ಶಾಲೆ ತಪಾಸಣೆಯಲ್ಲಿ ಪಾಸಾಗುತ್ತದೆ. ಅಲ್ಲಿ ಯಾರಾದರೂ ಏನಾದರೂ ಕಲಿತರೇ ಎಂಬುದು ಮಾತ್ರ ಆ ಮೂರರಲ್ಲಿ ಎಲ್ಲಿಯೂ ಕಾಣುವುದಿಲ್ಲ. 2022ರ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕರ್ನಾಟಕದಲ್ಲಿ ಐದನೆಯ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡನೆಯ ತರಗತಿಯ ಪಠ್ಯವನ್ನು ಓದಲಾರದೆ ಹೋದರು. ಕೊರೋನಾ ಕಾಲದ ಶಾಲೆ ಮುಚ್ಚುಗಡೆ ಇದಕ್ಕೆ ದೊಡ್ಡ ಕಾರಣ, ನಿಜ. ಆದರೆ ಆ ಮಕ್ಕಳಲ್ಲಿ ಬಹುಪಾಲಿನವರ ಪುಸ್ತಕ ತೆರೆದರೆ ಪುಟಪುಟ ತುಂಬಿದ ಬರಹವಿರುತ್ತದೆ. ಓದಲು ಬಾರದ ಮಗು ಬರೆದು ತುಂಬಿಸಿದ ಪುಸ್ತಕಕ್ಕಿಂತ ದೊಡ್ಡ ಸಾಕ್ಷಿ ಈ ವಾದಕ್ಕೆ ಬೇಕಿಲ್ಲ.

ಮೇಷ್ಟರಾಗಲು ಹೊರಟವರು ಬರೆಯುವುದು ಏನು ಎಂದು ಮೊದಲು ನೋಡಬೇಕು. ಪ್ರಶಿಕ್ಷಣದ ಎರಡು ವರ್ಷಗಳಲ್ಲಿ ಅವರು ಬರೆಯುವಷ್ಟು ಕಾಗದವನ್ನು ಬೇರೆ ಯಾವ ವಿದ್ಯಾರ್ಥಿಯೂ ಬರೆಯುವುದಿಲ್ಲವೇನೊ. ಸೂಕ್ಷ್ಮ ಬೋಧನೆಯ (ಕಿರು ಅಭ್ಯಾಸ ಪಾಠಗಳ) ದಾಖಲೆ, ಪಾಠಯೋಜನೆಯ ದಾಖಲೆ, ಕಲಿಕೋಪಕರಣದ ದಾಖಲೆ, ವೀಕ್ಷಣೆಯ ದಾಖಲೆ. ಪಾಠಯೋಜನೆಯ ಪುಟವನ್ನು ಅಂಕಣಗಳಾಗಿ ಸೀಳಿರುತ್ತಾರೆ: ಉದ್ದೇಶ, ಕಲಿಕಾಂಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಮೌಲ್ಯಮಾಪನ. ಇದರಲ್ಲಿ ನಾಲ್ಕನೆಯ ಅಂಕಣವನ್ನು ಯಾರಾದರೂ ಗಮನವಿಟ್ಟು ಓದಿದ್ದಾರೆಯೇ? ‘ವಿದ್ಯಾರ್ಥಿಗಳು ಗಮನವಿಟ್ಟು ಆಲಿಸುವರು.’ ‘ವಿದ್ಯಾರ್ಥಿಗಳು ಉತ್ತರಿಸುವರು.’ ‘ವಿದ್ಯಾರ್ಥಿಗಳು ಟಿಪ್ಪಣಿ ಬರೆದುಕೊಳ್ಳುವರು.’ ಆ ಮಕ್ಕಳ ಮುಖವನ್ನೇ ಇನ್ನೂ ನೋಡದ ಪ್ರಶಿಕ್ಷಣಾರ್ಥಿ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಕೂತು ಅವರು ನಾಳೆ ಏನು ಮಾಡುವರೆಂದು ಬರೆದು ಮುಗಿಸಿರುತ್ತಾರೆ. ಮಕ್ಕಳು ಬೇರೇನಾದರೂ ಮಾಡಿದರೆ ಆ ಪುಟದಲ್ಲಿ ಅದಕ್ಕೆ ಜಾಗವಿಲ್ಲ. ಪಾಠ ಮುಗಿದ ಮೇಲೆ ನಿಜಕ್ಕೂ ಏನಾಯಿತು ಎಂದು ಬರೆಯಲು ಎರಡು ಗೆರೆ ಬಿಟ್ಟಿದ್ದರೆ ಹೆಚ್ಚು.

ಈ ಅಂಕಣಗಳ ಮೂಲ ತುಂಬ ಹಳೆಯದು. ಜರ್ಮನಿಯ ಶಿಕ್ಷಣ ಚಿಂತಕ ಹರ್ಬಾರ್ಟ್ 1841ರಲ್ಲಿ ತೀರಿಕೊಂಡರು. ಅವರ ವಿಚಾರಗಳನ್ನು ಹಿಡಿದು ಶಿಷ್ಯಪರಂಪರೆಯ ಜಿಲ್ಲರ್, ರೈನ್ ಮೊದಲಾದವರು ಪಾಠಕ್ಕೆ ಐದು ಮೆಟ್ಟಿಲು ಕಟ್ಟಿದರು. 1956ರಲ್ಲಿ ಬ್ಲೂಮ್ ಮತ್ತು ಸಂಗಡಿಗರ ಉದ್ದೇಶಗಳ ವರ್ಗೀಕರಣ ಬಂತು, ಅದನ್ನೂ ಅಂಕಣವಾಗಿಸಲಾಯಿತು. ಸ್ಟ್ಯಾನ್‌ಫರ್ಡ್‌ನಲ್ಲಿ 1963ರಲ್ಲಿ ಡ್ವೈಟ್ ಆಲೆನ್ ಶುರುಮಾಡಿದ ಸೂಕ್ಷ್ಮ ಬೋಧನೆ ಬಂತು, ಅದಕ್ಕೂ ಒಂದು ದಾಖಲೆ ಪುಸ್ತಕವಾಯಿತು. ಒಂದೊಂದೂ ತನ್ನ ಕಾಲದಲ್ಲಿ ಗಂಭೀರ ಪ್ರಯತ್ನವೇ. ಇಲ್ಲಿಗೆ ಬರುವ ಹೊತ್ತಿಗೆ ಉಳಿದದ್ದು ನಮೂನೆ. ಸೀನಿಯರುಗಳ ದಾಖಲೆಯನ್ನು ಜೂನಿಯರುಗಳು ಇಳಿಸಿಕೊಳ್ಳುವುದು ಯಾವ ಕಾಲೇಜಿನಲ್ಲೂ ಗುಟ್ಟಲ್ಲ. ಹೀಗೆ ಎರಡು ವರ್ಷ ನಕಲು ಮಾಡಿ ಹೊರಬಂದವರು ಮಕ್ಕಳಿಗೂ ನಕಲನ್ನೇ ಬರವಣಿಗೆಯೆಂದು ಕೊಟ್ಟರೆ ಅಚ್ಚರಿಯೇನಿದೆ? ಆಮೇಲೆ ಎದುರಿಸಬೇಕಾದ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ 150 ಪ್ರಶ್ನೆ, 150 ಅಂಕ, ಎಲ್ಲವೂ ನಾಲ್ಕರಲ್ಲಿ ಒಂದನ್ನು ಗುರುತಿಸುವಂಥವು. ಸ್ವಂತದ್ದೊಂದು ವಾಕ್ಯ ಬರೆಯದೆಯೇ ಟಿಇಟಿ ದಾಟಬಹುದು.

ಇನ್ನು ಈ ತರಬೇತಿ ಹೊತ್ತು ಬಂದವರು ಕಾಫಿ ಸೀಮೆಯ ಶಾಲೆಗೆ ಬಂದು ಸೇರುತ್ತಾರೆ. ಪಾಠಯೋಜನೆಯ ಪುಸ್ತಕಕ್ಕೆ ಪರಿಚಯವೇ ಇಲ್ಲದ ಲೋಕ ಅದು.

ಜೂನ್ ಕಳೆಯುವ ಹೊತ್ತಿಗೆ ಮಳೆ ಹಿಡಿದರೆ ಹೆಂಚಿನ ಮೇಲೆ, ತಗಡಿನ ಮೇಲೆ ಬೀಳುವ ಸದ್ದಿಗೆ ಮೇಷ್ಟರ ದನಿ ಮೂರನೆಯ ಸಾಲಿಗೂ ತಲುಪುವುದಿಲ್ಲ. ಕರೆಂಟು ಹೋದರೆ ದಿನಗಟ್ಟಲೆ ಇಲ್ಲ. ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಉಕ್ಕಿ ಹರಿದರೆ ಆಚೆಯ ಮಕ್ಕಳು ಆಚೆ, ಈಚೆಯವರು ಈಚೆ. ಮಳೆಗಾಲ ಮುಗಿದು ಚಳಿ ಬೀಳುವಾಗ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ಮಾರ್ಚ್‌ವರೆಗೂ ರೋಬಸ್ಟಾ. ಹಾಜರಿ ಪುಸ್ತಕದಲ್ಲಿ ಖಾಲಿ ಮನೆಗಳು ಹೆಚ್ಚುವ ಕಾಲ ಅದು. ಅಪ್ಪ ಅಮ್ಮ ತೋಟಕ್ಕೆ ಹೋದರೆ ಕಾರ್ಮಿಕರ ಲೈನ್ ಮನೆಯಲ್ಲಿ ಪುಟ್ಟ ತಮ್ಮನನ್ನು ನೋಡಿಕೊಳ್ಳಲು ನಾಲ್ಕನೆಯ ತರಗತಿಯ ಅಕ್ಕ ಉಳಿಯುತ್ತಾಳೆ. ಆನೆ ಹಿಂಡು ಹತ್ತಿರದ ತೋಟದಲ್ಲಿದೆ ಎಂಬ ಸುದ್ದಿ ಬಂದರೆ ಯಾರೂ ಮಕ್ಕಳನ್ನು ದಾರಿಗೆ ಬಿಡುವುದಿಲ್ಲ. ಶಾಲೆಯೊಳಗೆ ಒಬ್ಬರು, ಹೆಚ್ಚೆಂದರೆ ಇಬ್ಬರು ಮೇಷ್ಟರು. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿಯೇ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು. ಇಬ್ಬರಲ್ಲಿ ಒಬ್ಬರು ಮೀಟಿಂಗಿಗೋ ತರಬೇತಿಗೋ ಹೋದರೆ ಐದು ತರಗತಿಗಳಿಗೂ ಉಳಿದವರೊಬ್ಬರೇ. ಒಂದು ತರಗತಿ, ಒಂದು ವಿಷಯ, ನಲವತ್ತು ಚಿಲ್ಲರೆ ನಿಮಿಷ ಎಂದು ಬರೆದ ಯೋಜನೆಗೆ ಇಲ್ಲಿ ಕಾಲೂರಲು ನೆಲವೇ ಇಲ್ಲ. ಐದು ವಯಸ್ಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಸದ್ದಿಲ್ಲದೆ ಕೂರಿಸುವುದು ಒಂದೇ ಒಂದು ಉಪಾಯದಿಂದ ಸಾಧ್ಯ: ಎಲ್ಲರಿಗೂ ಏನನ್ನಾದರೂ ನೋಡಿ ಬರೆಯಲು ಕೊಡುವುದು. ‘ಪಾಠ ಮೂರು, ಎರಡು ಸಲ ಬರೀರಿ.’ ಮೌನವೂ ನಕಲೂ ಒಂದಕ್ಕೊಂದು ಹೆಗಲು ಕೊಡುವುದು ಹೀಗೆ.

ಮೌನವಿದ್ದರೇನೇ ವ್ಯವಸ್ಥೆ ಎಂಬ ಮಾತನ್ನು ಬರೀ ಅನುಭವಕ್ಕೆ ಬಿಡದೆ ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್. ತಮ್ಮ ಕಾಲೇಜು ತರಗತಿಯಲ್ಲಿ ಪತ್ರಿಕೆ ಓದುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ಅವರು ಗದರಿದರು. ತಪ್ಪೇ ಮಾಡದ ಉಳಿದವರೂ ಮುದುಡಿಕೊಂಡು ನೋಟ್ಸಿಗೆ ಕಣ್ಣು ಹೂತರು. ಒಬ್ಬನನ್ನು ಗದರಿದರೆ ಇಡೀ ತರಗತಿಗೆ ಏನಾಗುತ್ತದೆ ಎಂಬ ಕುತೂಹಲ ಅವರನ್ನು ವರ್ಷಗಟ್ಟಲೆ ಹಿಡಿದುಕೊಂಡಿತು. ಶಾಲೆಗಳ ತರಗತಿಗಳನ್ನು ವಿಡಿಯೋದಲ್ಲಿ ಚಿತ್ರಿಸಿ, ಮತ್ತೆ ಮತ್ತೆ ನೋಡಿ, 1970ರಲ್ಲಿ ಪುಸ್ತಕ ಪ್ರಕಟಿಸಿದರು. ಚೆನ್ನಾಗಿ ನಡೆಯುವ ತರಗತಿಯ ಶಿಕ್ಷಕರು ತಪ್ಪಿಗೆ ಬೇರೆ ರೀತಿಯಲ್ಲಿ ದಂಡಿಸುತ್ತಿರಬೇಕು ಎಂಬುದು ಎಲ್ಲರ ನಿರೀಕ್ಷೆಯಾಗಿತ್ತು. ಫಲಿತಾಂಶ ಅದನ್ನು ತಲೆಕೆಳಗು ಮಾಡಿತು. ಗದರುವ ಬಗೆಗೂ ತರಗತಿಯ ಸುವ್ಯವಸ್ಥೆಗೂ ಹೇಳಿಕೊಳ್ಳುವಂಥ ಸಂಬಂಧವೇ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ತಪ್ಪು ನಡೆಯುವ ಮೊದಲಿನ ಹೊತ್ತಿನಲ್ಲಿ. ಒಳ್ಳೆಯ ಶಿಕ್ಷಕಿಗೆ ಬೆನ್ನ ಹಿಂದೆ ಏನಾಗುತ್ತಿದೆ ಎಂಬುದು ಗೊತ್ತಿರುತ್ತಿತ್ತು, ಹಾಗೆ ಗೊತ್ತಿದೆ ಎಂಬುದು ಮಕ್ಕಳಿಗೂ ಗೊತ್ತಿರುತ್ತಿತ್ತು. ಒಂದು ಗುಂಪಿಗೆ ಓದಿಸುತ್ತಲೇ ಇನ್ನೊಂದು ಗುಂಪಿನ ಅನುಮಾನ ಬಗೆಹರಿಸುತ್ತಿದ್ದಳು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಖಾಲಿ ಹೊತ್ತು ಬೀಳದಂತೆ ನೋಡಿಕೊಳ್ಳುತ್ತಿದ್ದಳು.

ಈ ಮೂರೂ ಮಾತು ಐದು ತರಗತಿಗಳನ್ನು ಒಟ್ಟಿಗೆ ನಡೆಸುವ ಕಳಸದ ಮೇಷ್ಟರಿಗೆ ಬರೆದಂತಿವೆ. ಆ ಪುಸ್ತಕ ಬಂದು ಅರ್ಧ ಶತಮಾನ ಕಳೆದಿದೆ. ನಮ್ಮ ಬಿ.ಎಡ್. ಪಠ್ಯಗಳಲ್ಲಿ ತರಗತಿ ನಿರ್ವಹಣೆಯ ಅಧ್ಯಾಯವಿದೆ, ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆಯೂ ಬರುತ್ತದೆ. ವೀಕ್ಷಣೆಗೆ ಕೂತವರ ಕೈಯ ನಮೂನೆ ಮಾತ್ರ ಇನ್ನೂ ಮೌನಕ್ಕೇ ಅಂಕ ಕೊಡುತ್ತಿದೆ.

ಮೌನದಲ್ಲಿ ಅತಿ ಹೆಚ್ಚು ಕಳೆದುಕೊಳ್ಳುವವರು ಯಾರು ಎಂದು ಕೇಳಿದರೆ ಉತ್ತರ ಲೈನ್ ಮನೆಗಳತ್ತ ಕೈ ತೋರಿಸುತ್ತದೆ. ಈ ಬೆಟ್ಟಗಳ ಶಾಲೆಯಲ್ಲಿ ಮನೆಮಾತು ಒಂದಲ್ಲ. ತುಳು, ಬ್ಯಾರಿ, ಕೊಂಕಣಿ, ತಮಿಳು, ಮಲಯಾಳ, ಉರ್ದು. ಈಚಿನ ವರ್ಷಗಳಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಕುಯ್ಲಿಗೆ ಬಂದ ಕುಟುಂಬಗಳ ಭಾಷೆಗಳು. ಇಂಥ ಮಗು ಮೇಷ್ಟರ ಪ್ರಶ್ನೆ ಕೇಳಿ, ಅದನ್ನು ತನ್ನ ಮಾತಿಗೆ ತಂದುಕೊಂಡು, ಉತ್ತರ ಹುಡುಕಿ, ಅದನ್ನು ಕನ್ನಡಕ್ಕೆ ತಿರುಗಿಸಿ ಬಾಯಿಬಿಡುವಷ್ಟರಲ್ಲಿ ಮೇಷ್ಟರು ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣದ ಸಂಶೋಧಕಿ ಇದನ್ನು ಗಡಿಯಾರ ಹಿಡಿದು ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡು ಅಥವಾ ಹೆಚ್ಚಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು, ದಡ್ಡರೆಂದು ಬದಿಗಿಟ್ಟವರು ಬಾಯಿ ತೆರೆದರು. ಸುಮ್ಮನಿರುವ ಕೆಲಸ ಮಾಡಬೇಕಾದದ್ದು ಮೇಷ್ಟರು ಎಂದಾಯಿತು. ಸುಮ್ಮನಿರುವ ಮಗುವನ್ನು ‘ಒಳ್ಳೆ ಹುಡುಗಿ, ತಂಟೆಯಿಲ್ಲ’ ಎಂದು ಹೊಗಳಿ ಮುಂದೆ ಹೋಗುವ ಅಭ್ಯಾಸ ಆ ಮಗುವಿಗೆ ಮಾಡುವ ಅನ್ಯಾಯ. ಅವಳು ಒಳ್ಳೆಯವಳೇ ಇರಬಹುದು. ಅವಳಿಗೆ ಕನ್ನಡ ಇನ್ನೂ ಕೈಗೆ ಸಿಕ್ಕಿಲ್ಲ ಎಂಬ ಸಂಗತಿ ಆ ಹೊಗಳಿಕೆಯಡಿಯಲ್ಲಿ ವರ್ಷಗಟ್ಟಲೆ ಅಡಗಿ ಕೂರುತ್ತದೆ.

ನ್ಯೂಜಿಲೆಂಡಿನ ಶಿಕ್ಷಕಿ ಸಿಲ್ವಿಯಾ ಆಷ್ಟನ್-ವಾರ್ನರ್ ಮಾವೊರಿ ಮಕ್ಕಳಿಗೆ ಓದು ಕಲಿಸಲು ಅಚ್ಚಾದ ಪಠ್ಯವನ್ನು ಬದಿಗಿಟ್ಟರು. ದಿನಕ್ಕೊಂದು ಪದವನ್ನು ಮಗುವಿನ ಬಾಯಿಂದಲೇ ಕೇಳಿ ದಪ್ಪ ಕಾರ್ಡಿನ ಮೇಲೆ ಬರೆದು ಕೈಗೆ ಕೊಟ್ಟರು. ಮಗುವಿನ ಭಯ, ಪ್ರೀತಿ, ಆಸೆಗಳಿಂದ ಹುಟ್ಟಿದ ಆ ಪದಗಳನ್ನು ಒಮ್ಮೆ ನೋಡಿದರೆ ಮಕ್ಕಳು ಮರೆಯುತ್ತಿರಲಿಲ್ಲ. ಆ ಅನುಭವದ ಪುಸ್ತಕ 1963ರಲ್ಲಿ ಬಂತು. ಮೂಡಿಗೆರೆಯ ಮಗುವಿನಿಂದ ಪದ ಕೇಳಿದರೆ ಏನು ಬರಬಹುದು? ಆನೆ, ಇಂಬಳ, ಕುಯ್ಲು, ಗೊರಬು, ಜೀಪು, ಹೊಳೆ. ಆ ಮಕ್ಕಳ ನೋಟ್ಸಿನಲ್ಲಿ ಇರುವುದು ಹಸುವಿನ ಮೇಲಿನ ಹತ್ತು ವಾಕ್ಯ, ರಾಷ್ಟ್ರೀಯ ಹಬ್ಬಗಳ ಪ್ರಬಂಧ. ಎಲ್ಲರ ಪುಸ್ತಕದಲ್ಲೂ ಅಕ್ಷರಶಃ ಒಂದೇ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಎಷ್ಟು ದಿನಕ್ಕೆ ತೋಟ ಬೆಳ್ಳಗಾಗುತ್ತದೆ ಎಂಬುದು ಅದೇ ಮಗುವಿಗೆ ಗೊತ್ತು. ಹಣ್ಣು ತೂಗುವ ಹೊತ್ತಿನಲ್ಲಿ ತೋಟದ ರೈಟರ್ ಬರೆದುಕೊಂಡ ಕೆ.ಜಿ. ಎಷ್ಟು, ಅಮ್ಮನಿಗೆ ಬರಬೇಕಾದ ಹಣ ಎಷ್ಟು ಎಂಬ ಲೆಕ್ಕವೂ ಗೊತ್ತು. ಆರಿದ್ರಾ ಮಳೆಗೂ ಆಶ್ಲೇಷಾ ಮಳೆಗೂ ಅಜ್ಜಿ ಹೇಳುವ ವ್ಯತ್ಯಾಸ ಗೊತ್ತು. ಈ ತಿಳಿವಳಿಕೆಯಲ್ಲಿ ಒಂದು ವಾಕ್ಯವೂ ಶಾಲೆಯ ಪುಸ್ತಕದೊಳಕ್ಕೆ ಬಂದಿಲ್ಲ, ಏಕೆಂದರೆ ಯಾರೂ ಕೇಳಿಲ್ಲ.

ಮೂಡಿಗೆರೆಯಲ್ಲಿಯೇ ಬಾಳಿ 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ‘ಕರ್ವಾಲೊ’ ಕಾದಂಬರಿಯನ್ನು ಪ್ರಕಟಿಸಿದ್ದು 1980ರಲ್ಲಿ. ಅದರಲ್ಲಿ ಮಂದಣ್ಣ ಎಂಬ ಹಳ್ಳಿ ಹುಡುಗನಿದ್ದಾನೆ. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಅಲೆಮಾರಿ; ವಿಜ್ಞಾನಿ ಕರ್ವಾಲೊ ಕಣ್ಣಿಗೆ ಹುಟ್ಟಾ ನಿಸರ್ಗ ವೀಕ್ಷಕ. ಕಾದಂಬರಿಯನ್ನು ಕನ್ನಡಿಗರು ಕೊಂಡಾಡಿದ್ದಾರೆ, ಪಠ್ಯವಾಗಿಯೂ ಓದಿದ್ದಾರೆ. ಅದೇ ಮಂದಣ್ಣನಂಥ ಹುಡುಗ ಇವತ್ತು ನಾಲ್ಕನೆಯ ತರಗತಿಯ ಕಿಟಕಿ ಪಕ್ಕ ಕೂತು ಹೊರಗೆ ಮರದ ಮೇಲಿನ ಹಕ್ಕಿ ನೋಡುತ್ತಿದ್ದರೆ ‘ಎಲ್ಲಿ ನೋಡ್ತೀಯೊ’ ಎಂಬ ಗದರಿಕೆ ಖಚಿತ. ಹಾಗೆ ಗದರಿದ ಪ್ರಶಿಕ್ಷಣಾರ್ಥಿಗೆ ಅಂಕ ಸಿಗುತ್ತದೆ. ಏನು ನೋಡಿದೆ, ನಾಲ್ಕು ಸಾಲು ಬರೆದು ತೋರಿಸು ಎಂದವರಿಗೆ ಅಂಕ ಕೊಡುವ ಕಾಲಂ ಆ ನಮೂನೆಯಲ್ಲಿ ಇಲ್ಲ.

ಇಷ್ಟು ಹೇಳಿದರೆ ಎದುರು ಮಾತುಗಳು ಏಳುತ್ತವೆ. ಅವನ್ನು ತಳ್ಳಿಹಾಕುವಂತಿಲ್ಲ. ಬೆತ್ತ ಹೋದ ಮೇಲೆ ಮಕ್ಕಳು ಕೈಮೀರಿದ್ದಾರೆ ಎಂಬುದು ಮೊದಲನೆಯದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು, ಅದರ ಬದಲು ಏನು ಮಾಡಬೇಕೆಂದು ತರಬೇತಿ ಹೇಳಿಕೊಡಲಿಲ್ಲ ಎಂದು ಶಿಕ್ಷಕರು ದೂರುತ್ತಾರೆ. ದೂರಿನ ಎರಡನೆಯ ಅರ್ಧ ನೂರಕ್ಕೆ ನೂರು ಸರಿ. ಬೆತ್ತ ಕಸಿದುಕೊಂಡು ಕೈಗೆ ಬೇರೇನನ್ನೂ ಕೊಡದೆ ಅವರನ್ನು ತರಗತಿಗೆ ತಳ್ಳಲಾಗಿದೆ. ಆದರೆ ಬೆತ್ತ ಇದ್ದಾಗಲೂ ಅದು ಕಲಿಸಿದ್ದು ಹೆದರಿಕೆಯನ್ನು. ಹೆದರಿದ ಮಗು ತನಗೆ ತಿಳಿದಿಲ್ಲ ಎಂದು ಹೇಳುವುದಿಲ್ಲ. ಪಕ್ಕದವನ ಪುಸ್ತಕ ನೋಡಿ ಬರೆಯುತ್ತದೆ.

ಎರಡನೆಯದು ತಂದೆತಾಯಿಯರ ಮಾತು. ತಾವು ಶಾಲೆ ಕಂಡಿಲ್ಲದ ತೋಟದ ಕಾರ್ಮಿಕರಿಗೆ ಸದ್ದಿಲ್ಲದ ಶಾಲೆ ಗೌರವದ ಗುರುತಿನಂತೆ ಕಾಣುತ್ತದೆ. ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗಳು ಮಾರುವುದೂ ಅದನ್ನೇ: ಸಾಲು, ಟೈ, ಶಿಸ್ತು. ಈ ತಂದೆತಾಯಿಯರನ್ನು ದೂರುವುದು ಸಲ್ಲದು. ಒಳ್ಳೆಯ ಕಲಿಕೆ ಹೇಗಿರುತ್ತದೆ ಎಂದು ಅವರಿಗೆ ಯಾರೂ ತೋರಿಸಿಲ್ಲ. ಮಗಳು ಸ್ವಂತವಾಗಿ ಬರೆದ ಒಂದು ಪುಟವನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಗಟ್ಟಿಯಾಗಿ ಓದಿದರೆ, ಅದರಲ್ಲಿ ತಮ್ಮ ತೋಟ, ತಮ್ಮ ಕೆಲಸ, ತಮ್ಮ ಮನೆಯ ನಾಯಿ ಕೇಳಿಸಿದರೆ, ಶಿಸ್ತಿಗಿಂತ ದೊಡ್ಡದೊಂದು ಶಾಲೆಯಲ್ಲಿ ನಡೆಯುತ್ತಿದೆ ಎಂದು ತಿಳಿಯಲು ಅವರಿಗೆ ಯಾವ ಪದವಿಯೂ ಬೇಕಾಗುವುದಿಲ್ಲ.

ಸಂಪ್ರದಾಯದ ಹೆಸರಿನ ಸಮರ್ಥನೆಯೂ ಇದೆ. ಗುರುವಿನ ಮುಂದೆ ಸದ್ದಿಲ್ಲದೆ ಕೂರುವುದು ನಮ್ಮ ಪದ್ಧತಿ ಎನ್ನುತ್ತಾರೆ. ಚರಿತ್ರೆ ಇದಕ್ಕೆ ಒಪ್ಪುವುದಿಲ್ಲ. ಊರಿನ ಕೂಲಿಮಠಗಳಲ್ಲಿ ಮಗ್ಗಿ, ಅಮರಕೋಶ ಎಲ್ಲವೂ ಗಟ್ಟಿ ದನಿಯ ಬಾಯಿಪಾಠ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಹುಡುಗರ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್, ‘ಮಲಬಾರ್’ ಶಾಲೆಯೊಂದರ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು ತಮ್ಮ ಶಾಲೆಗೆ ತಂದರು. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಕ್ರಮ ಹಾಕಿದರು. 1797ರಲ್ಲಿ ಲಂಡನ್ನಿನಲ್ಲಿ ಅದನ್ನು ಪ್ರಕಟಿಸಿದಾಗ ಅದು ಮದ್ರಾಸ್ ಪದ್ಧತಿಯೆಂದೇ ಹೆಸರಾಯಿತು. ಮಕ್ಕಳು ಮಕ್ಕಳಿಗೆ ಹೇಳಿಕೊಡುವ ಕೋಣೆ ಸದ್ದಿಲ್ಲದೆ ಇರಲು ಸಾಧ್ಯವೇ ಇಲ್ಲ.

ಇವೆಲ್ಲಕ್ಕಿಂತ ಬಲವಾದ ಉತ್ತರ ಕರ್ನಾಟಕದ ಸರ್ಕಾರಿ ಶಾಲೆಯ ಒಳಗೇ ಇದೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯಲ್ಲಿ ನಡೆಯುತ್ತಿದ್ದ ಬಹುವರ್ಗ ಬೋಧನೆಯನ್ನು ನೋಡಿ ಬಂದ ಪ್ರಾಥಮಿಕ ಶಾಲೆಯ ಶಿಕ್ಷಕರೇ ಕೂತು ತಮ್ಮ ಕಾಡಂಚಿನ ಮಕ್ಕಳಿಗೆ ಬೇಕಾದ ಕಾರ್ಡು, ಹಾಡು, ಆಟಗಳನ್ನು ರೂಪಿಸಿದರು. ಮಕ್ಕಳು ಕಲಿಕೆಯ ಏಣಿಯ ಮೇಲೆ ತಮ್ಮ ವೇಗದಲ್ಲಿ ಹತ್ತುತ್ತಾರೆ. ಗುಂಪಾಗಿ ಕೂರುವ ಐದು ತಟ್ಟೆಗಳಲ್ಲಿ ಒಂದರಲ್ಲಿ ಮಾತ್ರ ಮೇಷ್ಟರು ಪೂರ್ತಿ ಜೊತೆಗಿರುತ್ತಾರೆ. ಉಳಿದವುಗಳಲ್ಲಿ ಭಾಗಶಃ ಮೇಷ್ಟರು, ಗೆಳೆಯರು, ಕೊನೆಯಲ್ಲಿ ತಾನೇ ತಾನಾಗಿ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟುಕುವ ಕರಿಹಲಗೆ. 2009–10ರಲ್ಲಿ ಇದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕಾಫಿ ಸೀಮೆಯ ಹತ್ತು ಹದಿನೈದು ಮಕ್ಕಳ ಶಾಲೆಗೆ ಇದಕ್ಕಿಂತ ಹೊಂದುವ ಕ್ರಮ ಇನ್ನೊಂದಿಲ್ಲ. ಆದರೆ ಹೆಗ್ಗಡದೇವನಕೋಟೆಯ ಶಿಕ್ಷಕರು ತಾವೇ ಬರೆದು ಕಟ್ಟಿದ್ದು ಬೇರೆಯವರ ಕೈಗೆ ಅಚ್ಚಾಗಿ, ಪೆಟ್ಟಿಗೆಯಲ್ಲಿ ಬಂತು. ಬರೆಯುವ ಅಭ್ಯಾಸವಿಲ್ಲದ ಕೈಗೆ ಸಿಕ್ಕ ಕಾರ್ಡು ಇನ್ನೊಂದು ಪಠ್ಯಪುಸ್ತಕವಾಯ್ತು. ದಿನದಿನದ ಹವಾಮಾನ ಗುರುತಿಸುವ ನಕ್ಷೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಮಳೆಯ ಚಿತ್ರ ಕುಳಿತಿರುವ ಕೋಣೆಗಳಿವೆ. ಮಳೆಗೆ ಹತ್ತು ಹೆಸರು ಗೊತ್ತಿರುವ ಊರಿನಲ್ಲಿ. ನಲಿ-ಕಲಿ ಎಂದರೆ ಬರೀ ಗಲಾಟೆ ಎಂದು ಮೂಗು ಮುರಿಯುವವರು ಈ ಕೊರತೆಯನ್ನು ನೋಡುವುದಿಲ್ಲ, ಸದ್ದನ್ನಷ್ಟೇ ಕೇಳುತ್ತಾರೆ.

ಹಾಗಾದರೆ ಶಿಕ್ಷಕರಾಗುವವರು ಏನು ಬರೆಯಬೇಕು? ಉತ್ತರ ಈ ಬೆಟ್ಟಗಳ ಹಳೆಯ ತೋಟಗಳಲ್ಲಿಯೇ ಸಿಗುತ್ತದೆ. ಮಳೆಮಾಪಕ ಇಟ್ಟುಕೊಂಡ ಬೆಳೆಗಾರರ ಮನೆಯಲ್ಲಿ ಒಂದು ಪುಸ್ತಕವಿರುತ್ತದೆ. ಬೆಳಿಗ್ಗೆ ಎದ್ದು ಇಷ್ಟು ಇಂಚು, ಇಷ್ಟು ಸೆಂಟು ಎಂದು ಬರೆಯುವುದು ತಂದೆಯಿಂದ ಮಗನಿಗೆ ಬಂದ ರೂಢಿ. ಹೂಮಳೆ ಯಾವತ್ತು ಬಿತ್ತು, ಅದರ ಹಿಂದೆ ಬ್ಯಾಕಿಂಗ್ ಮಳೆ ಬಂತೇ, ಸ್ಪ್ರಿಂಕ್ಲರ್ ಹಾಕಬೇಕೇ ಎಂಬ ತೀರ್ಮಾನಕ್ಕೆ ಆ ಪುಸ್ತಕವೇ ಆಧಾರ. ಯಾವ ಅಧಿಕಾರಿಗೂ ತೋರಿಸಲು ಅದನ್ನು ಬರೆದಿಲ್ಲ, ಬಣ್ಣದ ಪೆನ್ನಿನ ಗೆರೆಗಳಿಲ್ಲ. ಶಿಕ್ಷಕರ ದಿನಚರಿ ಈ ಜಾತಿಯದ್ದಾಗಬೇಕು. ಸಂಜೆ ಮಕ್ಕಳು ಹೋದ ಮೇಲೆ ನಾಲ್ಕಾರು ಸಾಲು. ಇವತ್ತು ಯಾರು ಮೊದಲ ಸಲ ಪ್ರಶ್ನೆ ಕೇಳಿದರು, ಏನೆಂದು ಕೇಳಿದರು. ಯಾರು ಇಡೀ ದಿನ ಒಂದು ಮಾತೂ ಆಡಲಿಲ್ಲ. ಗಲಾಟೆ ಎದ್ದದ್ದು ಯಾವ ಹೊತ್ತಿಗೆ, ಆ ಹೊತ್ತಿಗೆ ಯಾರ ಕೈಯಲ್ಲಿ ಕೆಲಸವಿರಲಿಲ್ಲ. ಕಳೆಯುವ ಲೆಕ್ಕದಲ್ಲಿ ಈ ಹುಡುಗ ದಶಕ ತೆಗೆದುಕೊಳ್ಳುವುದನ್ನು ಮರೆಯುತ್ತಾನೋ, ಅರ್ಥವೇ ಆಗಿಲ್ಲವೋ.

ಹೀಗೆ ಒಂದೆರಡು ವಾರ ಬರೆದವರಿಗೆ ಗದ್ದಲದ ಚಹರೆ ಕಾಣತೊಡಗುತ್ತದೆ. ಜಗಳ ಎದ್ದೇಳುವುದು ಬೆಳಗಿನ ಹಾಲು ಕುಡಿದು ಒಳಬಂದ ಹತ್ತು ನಿಮಿಷದಲ್ಲಿ, ಯಾರಿಗೂ ಏನು ಮಾಡಬೇಕೆಂದು ಹೇಳದೆ ಮೇಷ್ಟರು ಲೋಟದ ಲೆಕ್ಕದಲ್ಲಿ ಮುಳುಗಿದ್ದಾಗ ಎಂದು ತಿಳಿಯಬಹುದು. ತಂಟೆಕೋರನೆಂದು ಹೆಸರಾದ ಹುಡುಗ ಲೆಕ್ಕವನ್ನು ಎಲ್ಲರಿಗಿಂತ ಬೇಗ ಮುಗಿಸಿ ಕೂತಿರುತ್ತಾನೆ ಎಂದು ತಿಳಿಯಬಹುದು. ಅವನಿಗೆ ಮುಂದಿನ ಕಾರ್ಡು ಸಿಕ್ಕರೆ ತಂಟೆ ಅರ್ಧ ನಿಲ್ಲುತ್ತದೆ. ಕೌನಿನ್ ವಿಡಿಯೋದಲ್ಲಿ ಕಂಡದ್ದನ್ನು ಮೇಷ್ಟರು ತಮ್ಮ ಕೈಬರಹದಲ್ಲಿ ಕಾಣುತ್ತಾರೆ. ತರಗತಿ ನಿರ್ವಹಣೆಯೆಂದರೆ ಈ ನೋಟ. ಈ ನೋಟ ಬರೆಯದೆ ಕೂಡಿಬರುವುದಿಲ್ಲ, ಏಕೆಂದರೆ ಐದು ತರಗತಿ ನಡೆಸಿ ದಣಿದವರ ನೆನಪಿನಲ್ಲಿ ಗದ್ದಲವಷ್ಟೇ ಉಳಿದು ಕಾರಣಗಳು ಅಳಿಸಿಹೋಗುತ್ತವೆ.

ತಾವು ಬರೆಯುವವರೇ ಬರವಣಿಗೆ ಕಲಿಸಬಲ್ಲರು ಎಂಬುದು ಕೂಡ ಹೊಸ ಮಾತಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1974ರಲ್ಲಿ ಜೇಮ್ಸ್ ಗ್ರೇ ಶಿಕ್ಷಕರನ್ನು ಬೇಸಿಗೆಯಲ್ಲಿ ಒಟ್ಟು ಸೇರಿಸಿ ಬರೆಯಿಸಿದರು. ಅದು ಬೆಳೆದು ಇಡೀ ಅಮೆರಿಕದ ರಾಷ್ಟ್ರೀಯ ಬರವಣಿಗೆ ಯೋಜನೆಯಾಯಿತು. ಕನ್ನಡದಲ್ಲಿ ಇದಕ್ಕೂ ಹಿಂದಿನ ಪರಂಪರೆಯಿದೆ. ಪಂಜೆ ಮಂಗೇಶರಾಯರು ದಕ್ಷಿಣ ಕನ್ನಡದಲ್ಲಿ ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಓಡಾಡುತ್ತ ಮಕ್ಕಳಿಗೆ ಬರೆದರು. ಜಿ.ಪಿ. ರಾಜರತ್ನಂ ಪುಟ್ಟ ಮಕ್ಕಳಿಗೆ ಪಾಠ ಹೇಳಲು ಹೋಗಿ, ಪಠ್ಯದ ಪದ್ಯಗಳು ಒಗ್ಗದೆ, ತಾವೇ ‘ತುತ್ತೂರಿ’ ಬರೆದರು. ಇನ್‌ಸ್ಪೆಕ್ಟರೇ ಬರೆಯುತ್ತಿದ್ದ ಕಾಲದಿಂದ ಇನ್‌ಸ್ಪೆಕ್ಟರಿಗಾಗಿ ಬರೆಯುವ ಕಾಲಕ್ಕೆ ಬಂದದ್ದು ದೊಡ್ಡ ಇಳಿಜಾರು.

ಕೊನೆಯ ಆಕ್ಷೇಪವೇ ಅತ್ಯಂತ ನ್ಯಾಯವಾದದ್ದು: ಹೊತ್ತೆಲ್ಲಿದೆ? ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಮಕ್ಕಳ ವಿವರದ ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವುದು, ನೆಟ್‌ವರ್ಕ್ ಸಿಗದ ಊರಿನಲ್ಲಿ ಅದಕ್ಕಾಗಿ ಗುಡ್ಡ ಹತ್ತುವುದು, ಚುನಾವಣೆ, ಗಣತಿ. ಇದರ ಮೇಲೆ ಇನ್ನೊಂದು ಪುಸ್ತಕ ಹೇರಿದರೆ ಅದೂ ನಕಲಾಗುತ್ತದೆ, ಅನುಮಾನವಿಲ್ಲ. ಆದ್ದರಿಂದ ಬೇಡಿಕೆ ಇರುವುದು ಸೇರಿಸುವುದಕ್ಕಲ್ಲ, ಕಳೆಯುವುದಕ್ಕೆ. ಪಾಠಯೋಜನೆಯ ದಾಖಲೆಗಳಲ್ಲಿ ಅರ್ಧವನ್ನು ಕೈಬಿಟ್ಟು, ಆ ಪುಟಗಳನ್ನು ಪಾಠವಾದ ಮೇಲೆ ಬರೆಯುವ ಟಿಪ್ಪಣಿಗೆ ಕೊಡಲಿ.

2014ರ ಎನ್‌ಸಿಟಿಇ ನಿಯಮಗಳು ಪ್ರಶಿಕ್ಷಣಾರ್ಥಿಗಳಿಗೆ ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಯ ಒಡನಾಟ ಕಡ್ಡಾಯ ಮಾಡಿವೆ. ಆ ವಾರಗಳು ಬಹುತೇಕ ಪೇಟೆಯ ದೊಡ್ಡ ಶಾಲೆಗಳಲ್ಲಿ, ಒಂದು ತರಗತಿ ಒಂದು ವಿಷಯದ ಕೋಣೆಗಳಲ್ಲಿ ಕಳೆದುಹೋಗುತ್ತವೆ. ಚಿಕ್ಕಮಗಳೂರಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಮತ್ತು ಜಿಲ್ಲೆಯ ಬಿ.ಎಡ್. ಕಾಲೇಜುಗಳು ಅದರಲ್ಲಿ ನಾಲ್ಕು ವಾರವನ್ನಾದರೂ ಮೂಡಿಗೆರೆ, ಕಳಸದ ಬಹುವರ್ಗ ಶಾಲೆಗಳಿಗೆ ಮೀಸಲಿಡಬಹುದು. ಎರಡು ವಾರ ಮಳೆಗಾಲದಲ್ಲಿ, ಎರಡು ವಾರ ಕುಯ್ಲಿನಲ್ಲಿ. ಹಿಂದಿನ ಬೆಂಚಿನಲ್ಲಿ ಕೂರುವ ಮೇಲ್ವಿಚಾರಕರು ನಮೂನೆ ಮಡಚಿಟ್ಟು ಪ್ರಶಿಕ್ಷಣಾರ್ಥಿಯ ಟಿಪ್ಪಣಿ ಪುಸ್ತಕ ಕೇಳಲಿ. ಮಕ್ಕಳ ಹೆಸರು ಅದರಲ್ಲಿ ಇದೆಯೇ, ಮಕ್ಕಳ ಮಾತು ಮಕ್ಕಳ ಬಾಯಿಂದ ಬಂದಂತೆಯೇ ಇದೆಯೇ, ಸುಮ್ಮನೆ ಕೂತವರ ಬಗ್ಗೆ ಒಂದು ಸಾಲಾದರೂ ಇದೆಯೇ ಎಂದು ನೋಡಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಅನುದಾನ ಬೇಡ. ಅಂಕಪಟ್ಟಿಯ ಒಂದು ಕಾಲಂ ಬದಲಾದರೆ ಮುಂದಿನ ತಂಡದಿಂದಲೇ ಶುರುಮಾಡಬಹುದು.